‘ಪೇಟೆ’ ಎಂಬ ಮಾತು: ಮೂಲ ಮತ್ತು ಅರ್ಥವಿಸ್ತಾರ

ಗಡಿನಾಡಿನಲ್ಲಿ ಪಾಠ ಹೇಳುವ ಉಪಾಧ್ಯಾಯನಿಗೆ ಒಂದೇ ಮಾತು ಎರಡು ಮೂರು ರೂಪಗಳಲ್ಲಿ ಕಿವಿಗೆ ಬೀಳುವುದು ಹೊಸದಲ್ಲ. ಕೋಸಗಿ, ಮಕ್ತಲ, ಗದ್ವಾಲಗಳ ಈ ಸೀಮೆಯಲ್ಲಿ ಒಂದೇ ಊರನ್ನು ಕನ್ನಡಿಗರು ನಾರಾಯಣಪೇಟೆಯೆಂದೂ, ತೆಲುಗರು ನಾರಾಯಣಪೇಟ ಎಂದೂ, ಉರ್ದು ಬಲ್ಲವರು ನಾರಾಯಣಪೇಟ್ ಎಂದೂ ಕರೆಯುತ್ತಾರೆ. ಕೊನೆಯ ಸ್ವರವೊಂದರ ವ್ಯತ್ಯಾಸಕ್ಕಾಗಿ ಮಗುವಿನ ಬರಹದ ಮೇಲೆ ಕೆಂಪು ಗೆರೆ ಎಳೆಯುವ ಮುನ್ನ, ಈ ಮಾತು ಯಾವ ದಾರಿಯಿಂದ ಬಂತು, ಏನೇನು ಅರ್ಥಗಳನ್ನು ಹೊತ್ತು ತಂದಿತು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ. ಪಟ್ಟಣದ ಬಾಳುವೆಯನ್ನು ಸೂಚಿಸಲು ನಮ್ಮ ಹಳ್ಳಿಯ ಜನ ಬಾಯಿ ತೆರೆದರೆ ಮೊದಲು ಬರುವ ಮಾತು ಇದೇ ಆದ್ದರಿಂದ ವಿಚಾರಕ್ಕೆ ಮತ್ತಷ್ಟು ಮಹತ್ವವುಂಟು.

ಕನ್ನಡದಲ್ಲಿ ಊರಿನ ಹಿರಿತನವನ್ನು ಹೇಳುವ ಹಳೆಯ ಮಾತುಗಳು ಬೇರೆ. ಪೊಳಲ್ ಎಂಬುದು ಅಚ್ಚಗನ್ನಡದ ಶಬ್ದ. ‘ಕವಿರಾಜಮಾರ್ಗ’ವು ಹೆಸರಿಸುವ ಕಿಸುವೊಳಲ್, ಎಂದರೆ ಇಂದಿನ ಪಟ್ಟದಕಲ್ಲು, ಅದನ್ನೇ ತನ್ನೊಳಗೆ ಉಳಿಸಿಕೊಂಡಿದೆ. ಪಟ್ಟಣ, ನಗರ ಎಂಬವು ಶಾಸನಗಳಲ್ಲಿ ಹೇರಳವಾಗಿವೆ. ವರ್ತಕ ಸಮೂಹದ ಮುಖಂಡನಿಗೆ ಪಟ್ಟಣಸ್ವಾಮಿಯೆಂಬ ಬಿರುದು ಸಲ್ಲುತ್ತಿತ್ತು. 11ನೆಯ ಶತಮಾನದಲ್ಲಿ ಹೊಂಬುಜದಲ್ಲಿ ಬಸದಿಯನ್ನು ಕಟ್ಟಿಸಿದ ನೊಕ್ಕಯ್ಯಶೆಟ್ಟಿ ಅಂಥವನೊಬ್ಬ. ಕೊಳುಕೊಡೆಯ ಸ್ಥಳಕ್ಕೆ ಅಂಗಡಿ, ಸಂತೆ ಎಂಬ ಮಾತುಗಳಿದ್ದವು. ಉಪ್ಪಿನಂಗಡಿ, ಬೆಳ್ತಂಗಡಿಗಳು ಇದಕ್ಕೆ ಸಾಕ್ಷಿ. ಪೇಟೆಯೆಂಬ ಮಾತು ಮೆರೆದದ್ದು ವಿಜಯನಗರದ ಕಾಲದಿಂದೀಚೆಗೆ. ಹಂಪೆಯ ಅಚ್ಯುತರಾಯನ ಗುಡಿಯ ಮುಂದಿನ ಸಾಲಂಗಡಿಗಳ ಬೀದಿಗೆ ಅಚ್ಯುತಪೇಟೆಯೆಂದೇ ಹೆಸರು; ಸಮೀಪದ ಹೊಸಪೇಟೆಯ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ತಮಿಳಿನಲ್ಲಿ ಪೇಟ್ಟೈ, ತೆಲುಗಿನಲ್ಲಿ ಪೇಟ, ಮರಾಠಿಯಲ್ಲಿ ಪೇಠ. ಉತ್ತರದ ಹಿಂದಿ ಸೀಮೆಯಲ್ಲೂ ವಾರದ ಸಂತೆಗೆ ಪೈಂಠ್ ಎನ್ನುವುದುಂಟು. ಸಂಸ್ಕೃತದಲ್ಲಿ ಬುಟ್ಟಿ ಅಥವಾ ಪೆಟ್ಟಿಗೆಯೆಂಬ ಅರ್ಥದ ‘ಪೇಟ’ ಶಬ್ದವಿದೆಯಾದರೂ ಧ್ವನಿಯ ಹೋಲಿಕೆ ಮಾತ್ರದಿಂದ ಪೆಟ್ಟಿಗೆಯನ್ನು ಪೇಟೆಯಾಗಿಸುವುದು ಸಾಹಸವೇ ಸರಿ. ಅದೇ ಬಗೆಯಲ್ಲಿ ತಲೆಗೆ ಸುತ್ತುವ ಪೇಟಕ್ಕೂ ಈ ಪೇಟೆಗೂ ನಂಟು ಕಲ್ಪಿಸಲು ಆಧಾರವಿಲ್ಲ. ಮಾತೊಂದು ಇಷ್ಟು ಭಾಷೆಗಳಲ್ಲಿ ಮನೆಮಾತಾಗಿರುವಾಗ ಅದನ್ನು ಹಂಚಿದವರು ಯಾರೆಂದು ಕೇಳಿದರೆ ಉತ್ತರ ಸುಲಭ. ಎತ್ತಿನ ಮೇಲೆ ಹೇರು ಹೇರಿಕೊಂಡು ಸೀಮೆಯಿಂದ ಸೀಮೆಗೆ ನಡೆದ ವರ್ತಕರೇ ಅವರು. ಉಪ್ಪು, ಅಡಕೆ, ನೂಲುಗಳೊಡನೆ ಅವರು ಮಾತುಗಳನ್ನೂ ಸಾಗಿಸಿದರು.

ಮೂಲ ಸಂದಿಗ್ಧವಾದರೂ ಅರ್ಥದ ಇತಿಹಾಸ ಸ್ಪಷ್ಟವಾಗಿದೆ. ಪೇಟೆಯೆಂದರೆ ಕೋಟೆಯ ಮಗ್ಗುಲಲ್ಲಿ ಬೆಳೆದ ವ್ಯಾಪಾರದ ವಸತಿ. ಕೋಟೆಯೊಳಗೆ ಅರಸು, ದಂಡು, ಉಗ್ರಾಣ. ಅದರ ಹೊರಗೆ ಸೆಟ್ಟಿ, ನೇಕಾರ, ಕಂಚುಗಾರ, ಗಾಣಿಗ. ಹೊಸ ಪೇಟೆಯನ್ನು ನೆಲೆಗೊಳಿಸಬೇಕಾದಾಗ ಪ್ರಭುಗಳು ಕೌಲು ಬರೆದುಕೊಟ್ಟು, ಕೆಲವು ವರ್ಷ ಸುಂಕದ ವಿನಾಯಿತಿ ಸಾರಿ, ಪರವೂರಿನ ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆಸಿಕೊಳ್ಳುತ್ತಿದ್ದರು. ಸಂತೆ ವಾರಕ್ಕೊಮ್ಮೆ ನೆರೆದು ಚದುರುವಂಥದು. ಪೇಟೆ ನಿತ್ಯ ನಿಲ್ಲುವಂಥದು. ಕೋಟೆ ಮತ್ತು ಪೇಟೆಗಳ ಭೇದಕ್ಕೆ ಬೆಂಗಳೂರಿನ ಚರಿತ್ರೆಯೇ ಉತ್ತಮ ನಿದರ್ಶನ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದು ಪೇಟೆಯನ್ನು ಹಿಡಿದರೂ ಕೋಟೆ ಅದರ ವಶವಾದದ್ದು ಮಾರ್ಚ್ 21ರ ರಾತ್ರಿ. ಒಂದೇ ಊರನ್ನು ಎರಡು ಸಲ ಗೆಲ್ಲಬೇಕಾಯಿತು! ಇಂಗ್ಲಿಷರು ಈ ಮಾತನ್ನು ‘ಪೆಟ್ಟಾ’ ಎಂದು ತಮ್ಮ ಬರಹಗಳಲ್ಲಿ ಸೇರಿಸಿಕೊಂಡರು.

ಅದೇ ಬೆಂಗಳೂರಿನ ಪೇಟೆಯೊಳಗೆ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ತರಗುಪೇಟೆ ಎಂದು ಕಸುಬಿಗೂ ಸರಕಿಗೂ ಒಂದೊಂದು ಕೇರಿ. ಪುಣೆಯಲ್ಲಿ ಕೆಲವು ಪೇಠಗಳಿಗೆ ಶನಿವಾರ, ಸೋಮವಾರ ಮುಂತಾದ ದಿನಗಳ ಹೆಸರು. ಹೀಗೆ ಪೇಟೆಯೆಂಬುದು ಒಮ್ಮೆ ಇಡೀ ವ್ಯಾಪಾರದ ಊರು, ಒಮ್ಮೆ ಆ ಊರಿನ ಒಂದು ಕೇರಿ. ಮುಂದೆ ಅರ್ಥ ಮತ್ತಷ್ಟು ಹಬ್ಬಿತು. ‘ಪೇಟೆ ಧಾರಣೆ’ ಎಂದಾಗ ಸ್ಥಳ ಮರೆಯಾಗಿ ಬೆಲೆ ಉಳಿಯುತ್ತದೆ. ‘ಷೇರುಪೇಟೆ’ಯಲ್ಲಿ ಕಣ್ಣಿಗೆ ಕಾಣುವ ಸರಕೂ ಇಲ್ಲ. ‘ಪೇಟೆಯವರು’ ಎಂದಾಗಲಂತೂ ಅದು ಉಡಿಗೆ, ನುಡಿ, ನಡೆಗಳ ಹೆಸರು. ಹಳ್ಳಿಗನ ಬಾಯಲ್ಲಿ ಅದಕ್ಕೆ ಮೆಚ್ಚುಗೆಯೂ ಉಂಟು, ತುಸು ಅಪನಂಬಿಕೆಯೂ ಉಂಟು. ತೂಕದಲ್ಲಿ ಮೋಸಹೋದವನ ಅನುಭವವೂ, ಹೊಸ ಸರಕನ್ನು ಕಂಡವನ ಬೆರಗೂ ಆ ಒಂದೇ ಮಾತಿನಲ್ಲಿ ಸೇರಿವೆ. ಸಂಸ್ಕೃತದ ನಗರವು ‘ನಾಗರಿಕ’ ಎಂಬ ಗೌರವದ ಪದವನ್ನು ಕೊಟ್ಟಿತು. ಪೇಟೆಯಾದರೋ ದುಡಿಮೆ ಮತ್ತು ವ್ಯವಹಾರದ ನೆಲಕ್ಕೆ ಹತ್ತಿರವೇ ಉಳಿಯಿತು.

ಈಗ ನಮ್ಮ ಸೀಮೆಯತ್ತ ನೋಡೋಣ. ಗದ್ವಾಲ ಸಂಸ್ಥಾನದ ರಾಜಧಾನಿಯಾಗಿದ್ದ ಊರು. ಕೋಟೆಯೇ ಅದರ ಗುರುತು. ಅಲ್ಲಿಯ ನೇಕಾರರು ಸೀರೆಯ ಅಂಚಿನಲ್ಲಿ ‘ಕೋಟಕೊಮ್ಮ’ ಎಂಬ ತೆನೆಸಾಲನ್ನು ನೇಯುತ್ತಾರೆ. ಕೋಟೆಯ ಹೆಸರು ಹೀಗೆ ಸೆರಗು ಅಂಚುಗಳಿಗೂ ಇಳಿದಿದೆ. ನಾರಾಯಣಪೇಟೆ ಹೆಸರಿನಲ್ಲಿಯೇ ಪೇಟೆಯನ್ನು ಧರಿಸಿದೆ. ಅದರ ಕೀರ್ತಿಯೂ ಮಗ್ಗದ ಕೀರ್ತಿಯೇ. ಶಿವಾಜಿಯ ದಂಡಿನೊಡನೆ ಬಂದ ಕೆಲವು ನೇಕಾರರು ಇಲ್ಲಿಯೇ ನೆಲೆನಿಂತರೆಂಬುದು ಸ್ಥಳೀಯರ ಹೇಳಿಕೆ. ಹೇಳಿಕೆಯನ್ನು ಹೇಳಿಕೆಯಾಗಿಯೇ ಇಟ್ಟುಕೊಂಡರೂ, ಪರಸೀಮೆಯ ಕಸುಬಿನವರು ಬಂದು ನೆಲೆಸಿದ ಊರೆಂಬ ನೆನಪು ಪೇಟೆಯ ಲಕ್ಷಣಕ್ಕೆ ಒಪ್ಪುವಂಥದೇ. ಕೋಸಗಿ ಸಾಲಾರಜಂಗರ ಜಾಗೀರಿಗೆ ಸೇರಿದ್ದ ಊರು. ಇಲ್ಲಿಂದ ದೂರವಲ್ಲದ ಬೊಮ್ಮರಾಸಪೇಟದ ಹೆಸರಿನಲ್ಲೂ ಅದೇ ಮಾತು. ನಿಜಾಮರ ಆಡಳಿತದಲ್ಲಿ ಬಜಾರ, ಗಂಜ, ಶಹರ ಎಂಬ ಮಾತುಗಳು ಬಂದು ಸೇರಿದರೂ ಅವು ಪೇಟೆಯನ್ನು ಹೊರದೂಡಲಿಲ್ಲ. ಪಕ್ಕದಲ್ಲಿ ಕುಳಿತವು, ಅಷ್ಟೆ.

1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಹಂಚಿಹೋದಾಗ ರಾಯಚೂರು, ಕಲಬುರಗಿಗಳು ಆ ಕಡೆಗೂ ಈ ಪ್ರದೇಶ ಈ ಕಡೆಗೂ ಉಳಿದವು. 2014ರಲ್ಲಿ ತೆಲಂಗಾಣವೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಗೆರೆಗಳು ಬದಲಾದಾಗಲೆಲ್ಲ ಊರಹೆಸರನ್ನು ಹಿಡಿದು ‘ಇದು ನಮ್ಮದು, ನಿಮ್ಮದಲ್ಲ’ ಎಂದು ವಾದಿಸುವವರು ಹುಟ್ಟುತ್ತಾರೆ. ಪೇಟೆಯೆಂಬ ಮಾತು ಅಂಥ ವಾದಕ್ಕೆ ಸಾಕ್ಷಿ ನುಡಿಯಲಾರದು. ಪೇಟೆ, ಪೇಟ, ಪೇಠ ಎಂಬ ಮೂರೂ ಒಂದೇ ಸರಕಿನ ಮೂರು ಅಳತೆಗಳು.

ಆದಕಾರಣ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಕನ್ನಡದ ಬರಹದಲ್ಲಿ ‘ಪೇಟೆ’ ಎಂದೇ ಬರೆಯಲು ಕಲಿಸೋಣ. ಅದು ನಮ್ಮ ನುಡಿಯ ಶಿಸ್ತು. ಆದರೆ ‘ಪೇಟ’ ಎಂದು ಮನೆಯಲ್ಲಿ ಕಲಿತು ಬಂದ ಮಗುವಿಗೆ ಅದು ತಪ್ಪೆಂದು ಹೇಳದೆ, ನೆರೆಯವರ ರೂಪವೆಂದು ತಿಳಿಸೋಣ. ತಿದ್ದಿಸಿಕೊಂಡು ನಾಚಿದ ಮಗು ಕನ್ನಡವನ್ನೇ ದೂರವಿಡುವ ಭಯ ಗಡಿಯ ಶಾಲೆಗೆ ಇದ್ದೇ ಇದೆ. ತನ್ನೂರಿನ ಕೇರಿಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು ತರುವಂತೆ ಅದಕ್ಕೆ ಹೇಳಿದರೆ ಭಾಷೆಯೂ ಚರಿತ್ರೆಯೂ ಒಂದೇ ಹಾಳೆಯಲ್ಲಿ ಒದಗುತ್ತವೆ. ಕೇರಿಯ ಹಳೆಯ ಹೆಸರುಗಳು ಹಿರಿಯರೊಡನೆಯೇ ಮರೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ತಡಮಾಡಲಾಗದು.