ನಾಯಕಿಯ ಮುಖವೇ ಕಾಣದ ಪ್ರೇಮಕಥೆ: ಹಳೇ ಸಸ್ಪೆನ್ಸ್ ಸಿನಿಮಾಗಳಲ್ಲಿ ಪ್ರೀತಿಗೇನು ಕೆಲಸ?

'ನಾ ನಿನ್ನ ಬಿಡಲಾರೆ'. ಗಂಡ ಹೆಂಡತಿಗೆ ಹೇಳಿದರೆ ಪ್ರೀತಿಯ ಮಾತು, ದೆವ್ವ ಹೇಳಿದರೆ ಬೆದರಿಕೆ. 1979ರಲ್ಲಿ ತೆರೆಕಂಡ ಈ ಚಿತ್ರದ ಹೆಸರಿನಲ್ಲೇ ಎರಡೂ ಅರ್ಥ ಅಡಗಿದೆ. ಅನಂತ್‌ನಾಗ್ ಪಾತ್ರವನ್ನು ಹೆಣ್ಣೊಬ್ಬಳ ಆತ್ಮ ಹಿಡಿದುಕೊಂಡರೆ, ಅದರಿಂದ ಗಂಡನನ್ನು ಬಿಡಿಸಿಕೊಳ್ಳಲು ಹೋರಾಡುವವಳು ಲಕ್ಷ್ಮಿ. ಇಲ್ಲಿ ಪ್ರೀತಿಯನ್ನು ತೆಗೆದುಬಿಟ್ಟರೆ ಭಯವೂ ಉಳಿಯುವುದಿಲ್ಲ.

ಸಸ್ಪೆನ್ಸ್ ಚಿತ್ರಗಳಲ್ಲಿ ಲವ್ ಸ್ಟೋರಿ ಬರೀ ಹಾಡಿಗಾಗಿ ತುರುಕಿದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೆಲವು ಚಿತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಒಳ್ಳೆಯ ಚಿತ್ರಗಳಲ್ಲಿ ಅನುಮಾನ ಹುಟ್ಟುವುದೇ ಪ್ರೀತಿಯಿಂದ. ಗುರುತಿಲ್ಲದವನು ಕೊಲೆಗಾರನಾದರೆ ಪೊಲೀಸರಿಗೆ ಹಿಡಿದುಕೊಟ್ಟರಾಯಿತು. ಪಕ್ಕದಲ್ಲಿ ಮಲಗಿದವರ ಮೇಲೇ ಸಂಶಯ ಬಂದರೆ?

ಆಲ್‌ಫ್ರೆಡ್ ಹಿಚ್‌ಕಾಕ್ ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲವರು. 1958ರ 'ವರ್ಟಿಗೋ' ಚಿತ್ರದಲ್ಲಿ ನಾಯಕಿಯ ಗುಟ್ಟನ್ನು ಅವರು ನಾಯಕನಿಗಿಂತ ಮೊದಲು ಪ್ರೇಕ್ಷಕರಿಗೆ ಹೇಳಿಬಿಡುತ್ತಾರೆ. ಅಲ್ಲಿಂದ ಮುಂದೆ ಅವರಿಬ್ಬರು ಹತ್ತಿರವಾದಷ್ಟೂ ನಮಗೆ ಆತಂಕ. ಬಿಡುಗಡೆಯಾದಾಗ ಅಂಥ ಮೆಚ್ಚುಗೆ ಸಿಗದ ಈ ಚಿತ್ರ, 2012ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಮೊದಲ ಸ್ಥಾನಕ್ಕೇರಿತು.

ಕನ್ನಡಕ್ಕೆ ಬಂದರೆ, 1968ರ 'ಜೇಡರ ಬಲೆ'ಯಿಂದ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999 ಚಿತ್ರಗಳಲ್ಲಿ ಪ್ರಣಯ ಬಾಂಡ್ ಶೈಲಿಯದು. ರಂಜನೆಗೆ ಸರಿ, ಕಥೆಯ ಗಂಟು ಅದರಲ್ಲಿಲ್ಲ. ಆ ಗಂಟನ್ನು ಗಟ್ಟಿಯಾಗಿ ಹಾಕಿದವರು ಸುನಿಲ್ ಕುಮಾರ್ ದೇಸಾಯಿ.

ಅವರ ಮೊದಲ ಚಿತ್ರ 'ತರ್ಕ' ಬಂದದ್ದು 1989ರಲ್ಲಿ. ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಮುಖ್ಯ ಪಾತ್ರಗಳಲ್ಲಿದ್ದರು. ಒಂದೂ ಹಾಡಿಲ್ಲ! ಆ ಕಾಲದ ಗಾಂಧಿನಗರದಲ್ಲಿ ಇದು ಸಣ್ಣ ಧೈರ್ಯವಲ್ಲ. ಚಿತ್ರಕ್ಕೆ ಪ್ರೇರಣೆ ಅಗಾಥಾ ಕ್ರಿಸ್ಟಿ ಅವರ 1958ರ ನಾಟಕ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್'. ಬಿ.ಆರ್. ಚೋಪ್ರಾ ಅವರ ಹಿಂದಿ ಚಿತ್ರ 'ಧುಂದ್' (1973) ಕೂಡ ಅದನ್ನೇ ಆಧರಿಸಿತ್ತು. ನಾಟಕದ ಆರಂಭ ಹೀಗಿದೆ: ಮಂಜು ಮುಸುಕಿದ ರಾತ್ರಿ ಅಪರಿಚಿತನೊಬ್ಬ ಮನೆಯೊಂದಕ್ಕೆ ಬರುತ್ತಾನೆ. ಒಳಗೆ ಗಂಡನ ಹೆಣ, ಪಕ್ಕದಲ್ಲಿ ಪಿಸ್ತೂಲು ಹಿಡಿದ ಹೆಂಡತಿ. ಆಕೆಗೊಬ್ಬ ಪ್ರಿಯಕರನೂ ಇದ್ದಾನೆ. ಕೊಂದವನು ಅವನೇ ಎಂದು ಅವಳಿಗೆ, ಅವಳೇ ಎಂದು ಅವನಿಗೆ ಸಂಶಯ. ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಬ್ಬರನ್ನೊಬ್ಬರು ನಂಬದೇ ಹೋಗುತ್ತಾರೆ. (ಕೊಂದವರು ಯಾರೆಂದು ಇಲ್ಲಿ ಹೇಳುವುದಿಲ್ಲ, ನೋಡದವರಿಗೆ ಅನ್ಯಾಯವಾಗುತ್ತದೆ.) 'ತರ್ಕ'ದಲ್ಲಿ ಅನುಮಾನದ ಗಂಡನಾಗಿ ದೇವರಾಜ್ ನಟಿಸಿದ್ದನ್ನು ಕಂಡವರು ಇಂದಿಗೂ ಮರೆತಿಲ್ಲ. ದೇಸಾಯಿ ಕೈಬಿಟ್ಟದ್ದು ಡ್ಯುಯೆಟ್ಟುಗಳನ್ನು, ಗಂಡ ಹೆಂಡಿರ ಸಂಬಂಧವನ್ನಲ್ಲ. ಮರುವರ್ಷ ಇದು 'ಪುರಿಯಾದ ಪುದಿರ್' ಹೆಸರಿನಲ್ಲಿ ತಮಿಳಿಗೆ ಹೋಯಿತು, ಕೆ.ಎಸ್. ರವಿಕುಮಾರ್ ನಿರ್ದೇಶಕರಾದದ್ದು ಅದರಿಂದಲೇ.

1993ರ 'ನಿಷ್ಕರ್ಷ'ದಲ್ಲೂ ಹಾಡಿಲ್ಲ. ಮಣಿಪಾಲದ ಬ್ಯಾಂಕ್ ದರೋಡೆಯ ಆ ಕಥೆಗೆ ಪ್ರೇಮದ ಅಗತ್ಯವೂ ಇರಲಿಲ್ಲ, ದೇಸಾಯಿ ತುರುಕಲೂ ಇಲ್ಲ.

ಎರಡೇ ವರ್ಷದಲ್ಲಿ ಅದೇ ನಿರ್ದೇಶಕರು ತೀರಾ ಬೇರೆಯದನ್ನು ಮಾಡಿದರು. 'ಬೆಳದಿಂಗಳ ಬಾಲೆ'ಯಲ್ಲಿ (1995) ಕೊಲೆಯಿಲ್ಲ, ಕಳ್ಳತನವಿಲ್ಲ. ಪತ್ತೆಯಾಗಬೇಕಾದದ್ದು ಪ್ರೇಯಸಿಯೇ. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿ 'ವೆನ್ನೆಲ್ಲೋ ಆಡಪಿಲ್ಲ' ಆಧರಿಸಿದ ಈ ಚಿತ್ರದಲ್ಲಿ ಅನಂತ್‌ನಾಗ್ ಚೆಸ್ ಆಟಗಾರ ರೇವಂತ್. ಫೋನಿನಲ್ಲಿ ಹುಡುಗಿಯೊಬ್ಬಳು ಮಾತಿಗಿಳಿಯುತ್ತಾಳೆ, ಸುಳಿವು ಕೊಡುತ್ತಾಳೆ, ಸಾಧ್ಯವಾದರೆ ಹುಡುಕು ಎನ್ನುತ್ತಾಳೆ. ಆಕೆಯ ಮುಖವನ್ನು ಚಿತ್ರ ತೋರಿಸುವುದಿಲ್ಲ. ಸುಮನ್ ನಗರ್‌ಕರ್ ಅವರ ಈ ಪಾತ್ರದಲ್ಲಿ ದನಿಯೇ ನಾಯಕಿ. ಚದುರಂಗದ ಮನೆಗಳನ್ನು ಲೆಕ್ಕ ಹಾಕುವ ಬುದ್ಧಿಯಿಂದಲೇ ರೇವಂತ್ ಅವಳನ್ನು ಹುಡುಕಹೊರಡುತ್ತಾನೆ. ದಿನ ಕಳೆದಂತೆ ಅದು ಆಟವಾಗಿ ಉಳಿಯುವುದಿಲ್ಲ.

ಭಾರತದಲ್ಲಿ ಮೊಬೈಲ್ ಸೇವೆ ಶುರುವಾದದ್ದೂ ಅದೇ 1995ರಲ್ಲಿ. ಕರೆ ಮಾಡಿದವರ ನಂಬರ್ ಪರದೆ ಮೇಲೆ ಮೂಡುವ ಈಗಿನ ಕಾಲವಾಗಿದ್ದರೆ, ರೇವಂತನ ಹುಡುಕಾಟ ಮೊದಲ ಕರೆಯಲ್ಲೇ ಮುಗಿದುಹೋಗುತ್ತಿತ್ತೇನೋ.