ಪೃಷ್ಠ, ಮೀನಖಂಡ ಮತ್ತು ಕೆಳಬೆನ್ನಿನ ಬಲವರ್ಧಕ ವ್ಯಾಯಾಮಗಳು

ದೇಹದ ಹಿಂಬದಿಯಲ್ಲಿ ಕೆಳಬೆನ್ನಿನಿಂದ ಹಿಮ್ಮಡಿಯವರೆಗಿನ ಸ್ನಾಯುಗಳನ್ನು ಭಾರದ ಎದುರು ದುಡಿಸಿ ಬಲಪಡಿಸುವ ವ್ಯಾಯಾಮಗಳು. ನೆಲದಿಂದ ಮೂಟೆ ಎತ್ತುವುದು, ಮೆಟ್ಟಿಲು ಹತ್ತುವುದು, ಓಡುವುದು ಮೊದಲಾದ ಕೆಲಸಗಳಲ್ಲಿ ಈ ಮೂರೂ ಭಾಗಗಳು ಒಟ್ಟಿಗೆ ದುಡಿಯುತ್ತವೆ. ಆದರೆ ಒಂದೇ ವ್ಯಾಯಾಮದಿಂದ ಮೂರಕ್ಕೂ ಸಾಕಷ್ಟು ಕೆಲಸ ಸಿಗುವುದಿಲ್ಲ. ಯಾವ ಸ್ನಾಯು ಯಾವ ಕೀಲನ್ನು ದಾಟುತ್ತದೆ, ಯಾವ ಭಂಗಿಯಲ್ಲಿ ಅದರ ಮೇಲೆ ಹೆಚ್ಚು ಭಾರ ಬೀಳುತ್ತದೆ ಎಂಬುದನ್ನು ನೋಡಿ ವ್ಯಾಯಾಮವನ್ನು ಆರಿಸಿಕೊಳ್ಳಬೇಕಾಗುತ್ತದೆ.

ಪೃಷ್ಠ

ಇಲ್ಲಿ ಮೂರು ಮುಖ್ಯ ಸ್ನಾಯುಗಳಿವೆ: ಗ್ಲೂಟಿಯಸ್ ಮ್ಯಾಕ್ಸಿಮಸ್, ಮೀಡಿಯಸ್ ಮತ್ತು ಮಿನಿಮಸ್. ಮ್ಯಾಕ್ಸಿಮಸ್ ಮಾನವ ದೇಹದ ಅತಿ ದೊಡ್ಡ ಸ್ನಾಯು. ಬಾಗಿದ ಸೊಂಟದ ಕೀಲನ್ನು ನೆಟ್ಟಗೆ ಮಾಡುವುದು ಇದರ ಮುಖ್ಯ ಕೆಲಸ. ಸಮತಟ್ಟಾದ ನೆಲದ ಮೇಲಿನ ನಿಧಾನ ನಡಿಗೆಯಲ್ಲಿ ಇದು ಹೆಚ್ಚು ದುಡಿಯುವುದಿಲ್ಲ. ಓಡುವಾಗ, ಏರು ಹತ್ತುವಾಗ, ಕುಳಿತಲ್ಲಿಂದ ಏಳುವಾಗ ಇದರ ಬಲ ಬೇಕಾಗುತ್ತದೆ.

ಸ್ಕ್ವಾಟ್‌ನಲ್ಲಿ, ಅಂದರೆ ಕುಳಿತು ಏಳುವ ವ್ಯಾಯಾಮದಲ್ಲಿ, ಪೂರ್ತಿ ಕುಳಿತಾಗ ಈ ಸ್ನಾಯುವಿನ ಮೇಲೆ ಹೆಚ್ಚು ಭಾರ ಬೀಳುತ್ತದೆ. ಹಿಪ್ ಥ್ರಸ್ಟ್‌ನಲ್ಲಿ, ಅಂದರೆ ಬೆಂಚಿಗೆ ಬೆನ್ನು ಕೊಟ್ಟು ಸೊಂಟವನ್ನು ಮೇಲೆತ್ತುವ ವ್ಯಾಯಾಮದಲ್ಲಿ, ಸೊಂಟ ಮೇಲೇರಿದಾಗಲೂ ಭಾರ ಹಾಗೆಯೇ ಉಳಿಯುತ್ತದೆ. ಜಪಾನಿನಲ್ಲಿ 10 ವಾರ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧ ಕುಳಿತವರಿಗಿಂತ ಪೂರ್ತಿ ಕುಳಿತವರ ಮ್ಯಾಕ್ಸಿಮಸ್ ಹೆಚ್ಚು ಬೆಳೆಯಿತು. ಅಭ್ಯಾಸವಿಲ್ಲದವರ ಮೇಲೆ 9 ವಾರ ನಡೆದ 2023ರ ಅಮೆರಿಕದ ಅಧ್ಯಯನದಲ್ಲಿ ಸ್ಕ್ವಾಟ್ ಮತ್ತು ಹಿಪ್ ಥ್ರಸ್ಟ್ ಎರಡರಿಂದಲೂ ಪೃಷ್ಠ ಹೆಚ್ಚುಕಡಿಮೆ ಸಮನಾಗಿ ಬೆಳೆಯಿತು. ತೊಡೆ ಮಾತ್ರ ಸ್ಕ್ವಾಟ್‌ನಿಂದಲೇ ಹೆಚ್ಚು ಬೆಳೆಯಿತು.

ರೊಮೇನಿಯನ್ ಡೆಡ್‌ಲಿಫ್ಟ್ ಪೃಷ್ಠಕ್ಕೂ ತೊಡೆಯ ಹಿಂಬದಿಗೂ ಉಪಯುಕ್ತ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ರೊಮೇನಿಯಾದ ಭಾರ ಎತ್ತುಗ ನಿಕು ವ್ಲಾಡ್ ಅವರ ಅಭ್ಯಾಸವನ್ನು ಕಂಡ ಅಮೆರಿಕನ್ನರಿಂದ ಇದಕ್ಕೆ ಈ ಹೆಸರು ಬಂತು. ಮಂಡಿಯನ್ನು ತುಸುವೇ ಮಡಿಸಿ, ಬೆನ್ನನ್ನು ನೇರವಾಗಿಟ್ಟು, ಸೊಂಟವನ್ನು ಹಿಂದಕ್ಕೆ ತಳ್ಳುತ್ತ ಬಾರ್ಬೆಲ್ ಅನ್ನು ತೊಡೆಗೆ ತಾಗುವಂತೆ ಇಳಿಸಬೇಕು.

ಒಂಟಿ ಕಾಲಲ್ಲಿ ನಿಂತಾಗ ಸೊಂಟ ವಾಲದಂತೆ ಹಿಡಿಯುವುದು ಮೀಡಿಯಸ್. ನಿಂತ ಕಾಲಿನ ಮೀಡಿಯಸ್ ಸೋತರೆ ಎದುರು ಬದಿಯ ಸೊಂಟ ಕೆಳಗಿಳಿಯುತ್ತದೆ. 1895ರಲ್ಲಿ ಇದನ್ನು ವಿವರಿಸಿದ ಜರ್ಮನ್ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ಅವರ ಹೆಸರಿನಲ್ಲಿಯೇ ಇದನ್ನು ಪತ್ತೆಹಚ್ಚುವ ಪರೀಕ್ಷೆ ಇಂದಿಗೂ ನಡೆಯುತ್ತದೆ. ಒಂಟಿ ಕಾಲಲ್ಲಿ ಎತ್ತರದ ಪೀಠ ಹತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದು ಈ ಸ್ನಾಯುವಿಗೆ ತಕ್ಕ ವ್ಯಾಯಾಮಗಳು.

ಮೀನಖಂಡ

ಇಲ್ಲಿನ ಎರಡು ಮುಖ್ಯ ಸ್ನಾಯುಗಳಲ್ಲಿ ಗ್ಯಾಸ್ಟ್ರೋಕ್ನೀಮಿಯಸ್ ಮಂಡಿಯ ಮೇಲಿನಿಂದ, ಸೋಲಿಯಸ್ ಮಂಡಿಯ ಕೆಳಗಿನಿಂದ ಹೊರಡುತ್ತವೆ. ಎರಡೂ ಅಕಿಲಿಸ್ ಸ್ನಾಯುರಜ್ಜುವಿನ ಮೂಲಕ ಹಿಮ್ಮಡಿಯ ಮೂಳೆಗೆ ಸೇರುತ್ತವೆ. ಮಂಡಿ ಮಡಿಸಿದರೆ ಮೊದಲನೆಯದು ಸಡಿಲಗೊಳ್ಳುತ್ತದೆ. ಆದ್ದರಿಂದ ಕುಳಿತು ಹಿಮ್ಮಡಿ ಎತ್ತಿದರೆ ಕೆಲಸ ಬಹುಪಾಲು ಸೋಲಿಯಸ್‌ಗೆ ಬೀಳುತ್ತದೆ. ನಿಂತು ಎತ್ತಿದರೆ ಎರಡಕ್ಕೂ ಹಂಚಿಹೋಗುತ್ತದೆ. 12 ವಾರಗಳ ಜಪಾನಿ ಅಧ್ಯಯನವೊಂದರಲ್ಲಿ (2023) ನಿಂತು ಮಾಡಿದಾಗ ಗ್ಯಾಸ್ಟ್ರೋಕ್ನೀಮಿಯಸ್ ಬಹಳ ಹೆಚ್ಚು ಬೆಳೆಯಿತು, ಸೋಲಿಯಸ್‌ನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದನ್ನೇ ಮಾಡುವಷ್ಟು ಸಮಯವಿದ್ದರೆ ನಿಂತು ಮಾಡುವುದೇ ಲಾಭ.

ಇದಕ್ಕೆ ಮನೆಯ ಮೆಟ್ಟಿಲೇ ಸಾಕು. ಅಂಚಿನ ಮೇಲೆ ಪಾದದ ಮುಂಭಾಗವನ್ನು ಊರಿ, ಗೋಡೆ ಹಿಡಿದು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಿ, ಅಲ್ಲಿ ಒಂದೆರಡು ಕ್ಷಣ ತಡೆದು ಮೇಲೇಳಬೇಕು. ತಡೆಯದೆ ಪುಟಿದರೆ ಸ್ಪ್ರಿಂಗಿನಂಥ ಸ್ನಾಯುರಜ್ಜುವೇ ದೇಹವನ್ನು ಮೇಲೆತ್ತಿಬಿಡುತ್ತದೆ, ಸ್ನಾಯುವಿನ ಪಾಲಿನ ಕೆಲಸ ಕಡಿಮೆಯಾಗುತ್ತದೆ. ಅಕಿಲಿಸ್ ನೋವಿಗೆ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಸೂಚಿಸಿದ 12 ವಾರಗಳ ಕ್ರಮವೂ ಮೆಟ್ಟಿಲಿನ ಮೇಲೆ ಹಿಮ್ಮಡಿ ಇಳಿಸುವುದೇ. ಮಂಡಿ ನೇರವಾಗಿಟ್ಟು ಒಮ್ಮೆ, ಮಡಿಸಿ ಒಮ್ಮೆ, ದಿನಕ್ಕೆ ಒಟ್ಟು 180 ಸಲ.

ಕೆಳಬೆನ್ನು

ಸೊಂಟದ ಭಾಗದ 5 ಕಶೇರುಗಳ ಹಿಂದೆ ಎರೆಕ್ಟರ್ ಸ್ಪೈನೆ ಮತ್ತು ಮಲ್ಟಿಫಿಡಸ್ ಸ್ನಾಯುಗಳಿವೆ. ಬೆನ್ನುಮೂಳೆಯನ್ನು ಅಲುಗದಂತೆ ಹಿಡಿದಿಡುವುದು ಇವುಗಳ ದಿನನಿತ್ಯದ ದೊಡ್ಡ ಕೆಲಸ. ಆದ್ದರಿಂದ ಇಲ್ಲಿ ಬಲದಷ್ಟೇ ತಾಳಿಕೆಯೂ ಮುಖ್ಯ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮ್ಯಾಕ್‌ಗಿಲ್ ಸೂಚಿಸಿದ ಮೂರು ವ್ಯಾಯಾಮಗಳಲ್ಲಿ ಒಂದಾದ ಬರ್ಡ್ ಡಾಗ್ ಇದಕ್ಕೆ ಹೇಳಿ ಮಾಡಿಸಿದ್ದು: ಮಂಡಿ ಮತ್ತು ಕೈ ಊರಿ, ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚಿ, ಸುಮಾರು 10 ಸೆಕೆಂಡು ನಿಲ್ಲುವುದು.

ಬಲಕ್ಕೆ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮತ್ತು ತೊಡೆಗೆ ಆಸರೆ ಕೊಟ್ಟು ಮುಂಡವನ್ನು ಬಾಗಿಸಿ ಎತ್ತುವ ಬ್ಯಾಕ್ ಎಕ್ಸ್‌ಟೆನ್ಷನ್ ಇವೆ. ಎರಡನೆಯದರಲ್ಲಿ ಎಲ್ಲಿ ಬಾಗುತ್ತೇವೆ ಎಂಬುದೇ ಫಲವನ್ನು ತೀರ್ಮಾನಿಸುತ್ತದೆ. ಬೆನ್ನನ್ನು ಹಲಗೆಯಂತೆ ಇಟ್ಟು ಸೊಂಟದ ಕೀಲಿನಲ್ಲಷ್ಟೇ ಬಾಗಿ ಎದ್ದರೆ ದೇಹವನ್ನು ಎತ್ತುವುದು ಪೃಷ್ಠ ಮತ್ತು ಹಿಂದೊಡೆ. ಬೆನ್ನನ್ನೇ ಸುರುಳಿಯಂತೆ ಮಡಿಸಿ ಬಿಚ್ಚಿದರೆ ಎರೆಕ್ಟರ್.

ಗರಡಿಯ ಪದ್ಧತಿ

ಕರ್ನಾಟಕದ ಗರಡಿಮನೆಗಳಲ್ಲಿ ಪೈಲ್ವಾನರು ಹೊಡೆಯುವ ಬಸ್ಕಿಯಲ್ಲಿ ಕುಳಿತಾಗ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಮುಂದಕ್ಕೆ ಚಾಚುತ್ತದೆ. ಹೀಗಾಗಿ ಮುಂದೊಡೆ ಮತ್ತು ಮೀನಖಂಡಕ್ಕೆ ಹೆಚ್ಚು ಕೆಲಸ. ನೂರಾರು ಸಲ ಹೊಡೆಯುವುದರಿಂದ ತಾಳಿಕೆ ಬರುತ್ತದೆ. ಕುಸ್ತಿಯ ಮಣ್ಣನ್ನು ಅಗೆದು ಹದಮಾಡುವ ಕೆಲಸದಲ್ಲಿ ಮಾತ್ರ ಮತ್ತೆ ಮತ್ತೆ ಸೊಂಟದಲ್ಲಿ ಬಾಗಬೇಕಾಗುತ್ತದೆ. ಪೃಷ್ಠಕ್ಕೂ ಬೆನ್ನಿಗೂ ಅದೇ ವ್ಯಾಯಾಮ.

ಆಯ್ಕೆ ಮತ್ತು ಜೋಡಣೆ

ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಕುಳಿತೇಳುವ ಒಂದು, ಸೊಂಟದಲ್ಲಿ ಬಾಗುವ ಒಂದು, ನಿಂತು ಹಿಮ್ಮಡಿ ಎತ್ತುವ ಒಂದು, ಬೆನ್ನು ಹಿಡಿದು ನಿಲ್ಲುವ ಒಂದು ಸೇರಿದರೆ ಮೂರೂ ಭಾಗಗಳಿಗೆ ಪಾಲು ಸಿಗುತ್ತದೆ. ಮೊದಲು ಸೋಲುವ ಭಾಗವನ್ನೂ ಗಮನಿಸಬೇಕು. ಡೆಡ್‌ಲಿಫ್ಟ್‌ನಲ್ಲಿ ಪೃಷ್ಠಕ್ಕಿಂತ ಮೊದಲೇ ಬೆನ್ನು ದಣಿದರೆ, ಪೃಷ್ಠದ ಕೆಲಸವನ್ನು ಹಿಪ್ ಥ್ರಸ್ಟ್‌ಗೆ ವಹಿಸುವುದು ಒಳ್ಳೆಯದು. ಭಾರ ಹಂತಹಂತವಾಗಿ ಏರಬೇಕು. 1940ರ ದಶಕದಲ್ಲಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ ಈ ಕ್ರಮಕ್ಕೆ ವ್ಯವಸ್ಥಿತ ರೂಪ ಕೊಟ್ಟರು.

ನೋವು ಕಾಲಿನುದ್ದಕ್ಕೂ ಇಳಿದರೆ ಅಥವಾ ಪಾದ ಜೋಮು ಹಿಡಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ.