ಸಂಬಂಧದ ಅಂಜಿಕೆ: ಸೊಲ್ಲಾಪುರ ಗಡಿಯ ಕನ್ನಡ ಕುಟುಂಬಗಳಲ್ಲಿ ಮನೋರೋಗದ ಕಳಂಕ

ಮನೋರೋಗದ ಕಳಂಕಕ್ಕೆ ಅಜ್ಞಾನವೇ ಮೂಲವೆನ್ನುವುದು ರೂಢಿಯ ವಿವರಣೆ. ಮಂಗಳವೇಢೆ, ಅಕ್ಕಲಕೋಟೆಗಳ ಕನ್ನಡ ಕುಟುಂಬಗಳ ಮಟ್ಟಿಗೆ ಅದು ಸಾಲದು. ರೋಗವನ್ನು ಮುಚ್ಚಿಡುವವರು ಅನೇಕ ಸಲ ಅದನ್ನು ಗುರುತಿಸಿದವರೇ ಆಗಿರುತ್ತಾರೆ. ಅವರ ಅಂಜಿಕೆಯೆಲ್ಲ ಮನೆಯ ಉಳಿದ ಮಕ್ಕಳ ಮದುವೆ ಸಂಬಂಧದ ಬಗ್ಗೆ.

ಈ ಅಂಜಿಕೆಗೆ ಕಾನೂನಿನ ನೆರಳೂ ಇದೆ. ಮದುವೆಗೂ ಸಂತಾನಕ್ಕೂ ಅನರ್ಹಗೊಳಿಸುವಷ್ಟು ತೀವ್ರವಾದ ಮನೋವ್ಯಾಧಿಯನ್ನು 1955ರ ಹಿಂದೂ ವಿವಾಹ ಕಾಯ್ದೆಯ 5ನೆಯ ಕಲಮು ಮದುವೆಗೆ ಅಡ್ಡಿಯೆಂದು ಎಣಿಸುತ್ತದೆ. ಅದೇ ಕಲಮಿನಲ್ಲಿದ್ದ ಮೂರ್ಛೆರೋಗವನ್ನು 1999ರಲ್ಲಿ ಕೈಬಿಡಲಾಯಿತು. ತೀವ್ರತೆಯ ಷರತ್ತು ವಕೀಲರಿಗೆ ಗೊತ್ತು. ಕನ್ಯೆ ನೋಡಲು ಬಂದವರಿಗೆ ಮನೋವೈದ್ಯರ ಚೀಟಿಯೊಂದೇ ಸಾಕು. ಬೀಗತನ ಇಂಡಿ, ಆಳಂದ, ಜತ್ತಗಳವರೆಗೆ ಹರಡಿದ ಕಡೆ ಸುದ್ದಿ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ.

ಗಾಣಗಾಪುರದ ಬಲವನ್ನು ಇಲ್ಲಿಂದಲೇ ಅರ್ಥಮಾಡಿಕೊಳ್ಳಬೇಕು. ಭೀಮಾ–ಅಮರ್ಜಾ ಸಂಗಮದ ಆ ದತ್ತಕ್ಷೇತ್ರದಲ್ಲಿ ಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದವರ ಕೂಗಾಟ ಎಲ್ಲರೆದುರೇ ನಡೆಯುತ್ತದೆ. ಯಾರೂ ಮುಖ ಮುಚ್ಚಿಕೊಳ್ಳುವುದಿಲ್ಲ. 'ಗಾಳಿ ಸೋಕೈತಿ' ಎಂದಾಗ ತಪ್ಪು ಹೊರಗಿನದಾಗುತ್ತದೆ, ರಕ್ತದ್ದಲ್ಲ. ಬಿಟ್ಟುಹೋದ ಗಾಳಿ ತಂಗಿಯ ಮದುವೆಗೆ ಅಡ್ಡಬರುವುದಿಲ್ಲ. ಗುಳಿಗೆ ಕೊಡಲಾಗದ ಈ ಬಿಡುಗಡೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಸಂಶೋಧನೆ ಕುಟುಂಬದ ಲೆಕ್ಕಾಚಾರವನ್ನೇ ಕಾಣದೆ ಹೋಗುತ್ತದೆ. ಆದರೆ ಆ ಬಿಡುಗಡೆಯ ಬೆಲೆಯನ್ನು ರೋಗಿಯೇ ತೆರಬೇಕು: ಚಿಕಿತ್ಸೆ ತಡವಾದಷ್ಟೂ ಸ್ಕಿಜೋಫ್ರೇನಿಯಾದಂಥ ರೋಗ ಗುಣವಾಗುವುದು ಕಷ್ಟ. 2001ರಲ್ಲಿ ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಸರಪಳಿಯಲ್ಲಿದ್ದ ಮನೋರೋಗಿಗಳು ಬೆಂಕಿಯಲ್ಲಿ ಬೆಂದುಹೋದುದನ್ನು ಮರೆಯುವಂತಿಲ್ಲ.

ಭಾಷೆ ಇನ್ನೊಂದು ತೊಡಕು. ಈ ಗಡಿಯ ಕನ್ನಡಿಗರು ವಲಸೆ ಹೋದವರಲ್ಲ. 1956ರ ರಾಜ್ಯ ಪುನರ್ವಿಂಗಡಣೆ ಇವರನ್ನು ಗಡಿಯ ಆಚೆ ಉಳಿಸಿತು. ಮರಾಠಿಯಲ್ಲಿ ಸಂತೆ, ಕಚೇರಿ ಸಾಗುತ್ತವೆ. ಆದರೆ ವೈದ್ಯರೆದುರು 'ಜೀವ ತಳಮಳ ಅಂತೈತಿ' ಎನ್ನುವ ಮುದುಕಿಗೆ ಮರಾಠಿ ಬರದಿದ್ದರೆ ಮಗನೇ ದುಭಾಷಿ, ಮತ್ತು ಮಗ ಮನೆಯ ಮಾನಕ್ಕೆ ತಕ್ಕಷ್ಟನ್ನೇ ಹೇಳುತ್ತಾನೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿಧಿಸುತ್ತದೆ. ರೋಗಿಯ ಮಾತನ್ನು ಕೇಳಿಸಿಕೊಳ್ಳುವುದಕ್ಕೂ ಅದೇ ನಿಯಮ ಅಗತ್ಯ.

ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಪಕ್ಕದಲ್ಲೇ ಮನೋವೈದ್ಯರ ಚಿಕಿತ್ಸೆ ದೊರೆಯುವ 'ದವಾ-ದುವಾ' ಪ್ರಯೋಗ ನಡೆದಿದೆ. ಗಾಣಗಾಪುರಕ್ಕೂ ಅದು ಒಗ್ಗೀತು. ಕ್ಷೇತ್ರ ಕರ್ನಾಟಕದ್ದು, ಮಹಾರಾಷ್ಟ್ರದ ಭಕ್ತರೂ ಬಹಳ. ಹೀಗಾಗಿ ಅಲ್ಲಿ ಕೂರುವ ವೈದ್ಯರು ಎರಡೂ ಭಾಷೆ ಬಲ್ಲವರಾಗಿರಬೇಕು, ಅವರು ಬರೆದ ಔಷಧ ಸೊಲ್ಲಾಪುರದ ಸರಕಾರಿ ಆಸ್ಪತ್ರೆಯಲ್ಲೂ ಸಿಗಬೇಕು.